ಅಪ್ಪನ ತಲೆ, ಒಂದು ಒರಳುಕಲ್ಲು ಮತ್ತು ಅರ್ಧ ಮಿಲಿಮೀಟರ್

ಇಲ್ಲಿ ಏನಾದರೂ ಬರೆದು ಏಳೆಂಟು ತಿಂಗಳೇ ಆಯ್ತು. ಆಫೀಸು, ರಿಲೀಸು, ಟ್ರಾಫಿಕ್ಕು ಅಂತ ಕಾರಣ ಕೊಡಬಹುದು. ನಿಜ ಅದಲ್ಲ. ಈ ಒಂದು ವಿಷಯ ಬರೆಯದೆ ಬೇರೆ ಏನೂ ಬರೆಯೋಕೆ ಆಗ್ತಿರಲಿಲ್ಲ. ಇದನ್ನು ಬರೆಯೋಕೆ ಧೈರ್ಯ ಸಾಲ್ತಿರಲಿಲ್ಲ. ಮುಂದಿನ ವಾರ ಅಪ್ಪನಿಗೆ ಮತ್ತೆ ಎಂಆರ್‌ಐ ಇದೆ. ಅದಕ್ಕೆ ಮೊದಲೇ ಬರೆದು ಮುಗಿಸೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಇಟ್ಟುಕೊಂಡು ಓದಿ.

ನಮ್ಮಪ್ಪ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ತಿಪಟೂರು ಕಡೆಯ ಹಳ್ಳಿ ನಮ್ಮದು. ಅಪ್ಪ ಪಾಠ ಮಾಡುವಾಗ ನಡುವೆ ಸುಮ್ಮನೆ ನಿಲ್ಲುವ ಅಭ್ಯಾಸ ಇತ್ತು. ಒಂದು ಸಾಲು ಹೇಳಿ, ಕಿಟಕಿ ಕಡೆ ನೋಡಿ, ಹುಡುಗರ ತಲೆಗೆ ಅದು ಇಳಿಯಲಿ ಅಂತ ಕಾಯೋರು. ನಾನೂ ಅದೇ ಸ್ಕೂಲಿನಲ್ಲಿ ಓದಿದವನಾದ್ದರಿಂದ ಆ ಮೌನ ನನಗೆ ಚೆನ್ನಾಗಿ ಗೊತ್ತು. 2022ರ ಆಗಸ್ಟ್‌ನಲ್ಲಿ ಒಂದು ದಿನ ಹತ್ತನೇ ಕ್ಲಾಸಿನಲ್ಲಿ ಹಾಗೇ ನಿಂತರು. ಹುಡುಗರು ಎಂದಿನ ಹಾಗೆ ಕಾದರು. ಒಂದು ನಿಮಿಷ ಆಯ್ತು, ಎರಡು ನಿಮಿಷ ಆಯ್ತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು "ಸಾರ್?" ಅಂದಳಂತೆ. ಅಪ್ಪನಿಗೆ ಅವಳು ಕಾಣಿಸ್ತಿದ್ದಾಳೆ, ಅವಳು ಕೇಳಿದ್ದು ಅರ್ಥವಾಗ್ತಿದೆ, ಆದರೆ ಬಾಯಿಂದ ಒಂದು ಪದವೂ ಬರ್ತಿಲ್ಲ.

ಐದು ನಿಮಿಷಕ್ಕೆ ಎಲ್ಲ ಸರಿಹೋಯ್ತು. ಹತ್ತಿರದ ಊರಿನ ಡಾಕ್ಟರೊಬ್ಬರು ಬಿಪಿ ನೋಡಿ, ಗ್ಯಾಸ್ಟ್ರಿಕ್ಕು, ಸುಸ್ತು ಅಂತ ಹೇಳಿ ಎರಡು ಬಗೆ ಮಾತ್ರೆ ಬರೆದುಕೊಟ್ಟರು. ಹದಿನೈದು ದಿನ ಬಿಟ್ಟು ಮತ್ತೆ ಹಾಗೇ ಆದಾಗ ನಾನು ಹಟ ಮಾಡಿ ಬೆಂಗಳೂರಿಗೆ ಕರೆಸಿಕೊಂಡೆ. ಅದು ಫಿಟ್ಸು, ಕೈಕಾಲು ಅಲುಗಾಡದೆ ಮಾತು ಮಾತ್ರ ನಿಲ್ಲಿಸುವ ಫಿಟ್ಸು ಅಂತ ಗೊತ್ತಾಯ್ತು. ಎಂಆರ್‌ಐ ಆಯ್ತು. ಎಡಗಡೆ, ಕಿವಿಯ ಮೇಲ್ಭಾಗದಲ್ಲಿ, ಸುಮಾರು ನಾಲ್ಕು ಸೆಂಟಿಮೀಟರಿನ ಗೆಡ್ಡೆ. ಗಜನಿಂಬೆ ಅಲ್ಲ, ಸಾಧಾರಣ ನಿಂಬೆಹಣ್ಣು ಅಂದುಕೊಳ್ಳಿ.

*

ಈ ಗೆಡ್ಡೆ ಅನ್ನೋ ಪದವೇ ಸರಿಯಿಲ್ಲ ಅಂತ ನನಗೆ ಆಮೇಲೆ ಗೊತ್ತಾಯ್ತು. ಗೆಡ್ಡೆ ಅಂದರೆ ನಾನು ಆಲೂಗಡ್ಡೆ ಥರ ಅಂದುಕೊಂಡಿದ್ದೆ. ಮಣ್ಣು ಬೇರೆ, ಗೆಡ್ಡೆ ಬೇರೆ. ಅಗೆದು ತೆಗೆದರೆ ಮುಗೀತು. ಮಿದುಳಿನ ಹೊರಪೊರೆಯಿಂದ ಹುಟ್ಟುವ ಕೆಲವು ಗೆಡ್ಡೆಗಳು ಹಾಗೇ ಇರುತ್ತವಂತೆ. ಆದರೆ ಗ್ಲಯೋಮಾ ಅನ್ನೋದು ಮಿದುಳಿನ ಜೀವಕೋಶಗಳಲ್ಲೇ ಹುಟ್ಟುತ್ತೆ, ಅವುಗಳ ನಡುವೆಯೇ ಹರಡುತ್ತೆ. ಹಾಲಿಗೆ ಹೆಪ್ಪು ಹಾಕಿದ ಮೇಲೆ ಹೆಪ್ಪು ಎಲ್ಲಿ, ಹಾಲು ಎಲ್ಲಿ ಅಂತ ಕೇಳಿದರೆ ಏನು ಹೇಳ್ತೀರಿ? ನಡುವಿನ ಭಾಗ ಪೂರ್ತಿ ಗೆಡ್ಡೆ. ಅಂಚಿಗೆ ಬಂದ ಹಾಗೆ ಅರ್ಧ ಗೆಡ್ಡೆ, ಅರ್ಧ ಮಿದುಳು. ಇನ್ನೂ ಆಚೆ ಹೋದರೆ ನೂರು ಒಳ್ಳೆಯ ಜೀವಕೋಶದ ನಡುವೆ ಅಲ್ಲೊಂದು ಇಲ್ಲೊಂದು ಕೆಟ್ಟದ್ದು. ಬರಿಗಣ್ಣಿಗೂ, ಸರ್ಜನ್‌ಗಳ ದೊಡ್ಡ ಮೈಕ್ರೋಸ್ಕೋಪಿಗೂ ಆ ಅಂಚು ಒಳ್ಳೆಯ ಮಿದುಳಿನ ಹಾಗೇ ಕಾಣಬಹುದು.

ನಮ್ಮ ಸರ್ಜನ್ ಮೊದಲ ದಿನವೇ ಹೇಳಿದರು: "ತೆಗೆಯೋದು ಕಷ್ಟ ಅಲ್ಲ. ಎಲ್ಲಿ ನಿಲ್ಲಿಸಬೇಕು ಅನ್ನೋದು ಕಷ್ಟ."

ಜಾಸ್ತಿ ತೆಗೆದರೆ ಅಪ್ಪನ ಮಾತು ಹೋಗಬಹುದು. ಕಡಿಮೆ ತೆಗೆದರೆ ಉಳಿದದ್ದು ಮತ್ತೆ ಬೆಳೆಯುತ್ತೆ.

ಇಂಥ ಹೊತ್ತಿನಲ್ಲಿ ಸಾಫ್ಟ್‌ವೇರ್‌ನವನು ಏನು ಮಾಡ್ತಾನೆ? ಗೂಗಲ್ ಮಾಡ್ತಾನೆ :-) ರಾತ್ರಿ ಎರಡು ಗಂಟೆವರೆಗೂ ಪೇಪರ್‌ಗಳನ್ನು ಡೌನ್‌ಲೋಡ್ ಮಾಡಿ ಓದಿದೆ. ಅರ್ಧ ಅರ್ಥವಾಗ್ತಿರಲಿಲ್ಲ. ಆದರೂ ಬಗ್ ಹುಡುಕೋ ಹಾಗೆ ಹುಡುಕ್ತಾ ಹೋದೆ. ಆಗಲೇ ಸಿಕ್ಕಿದ್ದು ಈ ಎಂಡೋಸ್ಕೋಪಿನ ವಿಷಯ.

*

ಎಂಡೋಸ್ಕೋಪಿ ಅಂದರೆ ನಮಗೆಲ್ಲ ಗೊತ್ತಿರೋದು ಗಂಟಲಿಗೆ ಪೈಪು ಬಿಟ್ಟು ಹೊಟ್ಟೆ ನೋಡೋದು. ಇದು ಅದರದೇ ಚಿಕ್ಕಪ್ಪನ ಮಗ. ಪೆನ್ನಿನ ಥರ ಹಿಡಿಯುವ ಒಂದು ಕಡ್ಡಿ. ತಲೆ ತೆರೆದು ಗೆಡ್ಡೆ ತೆಗೆಯುತ್ತಿರುವಾಗಲೇ ಅದರ ತುದಿಯನ್ನು ಮಿದುಳಿಗೆ ಮೆಲ್ಲಗೆ ಮುಟ್ಟಿಸಿದರೆ ಅಲ್ಲಿಯ ಜೀವಕೋಶಗಳು ಪರದೆಯ ಮೇಲೆ ಕಾಣುತ್ತವೆ. ತುಂಡು ಕತ್ತರಿಸುವ ಹಾಗಿಲ್ಲ, ಲ್ಯಾಬಿಗೆ ಕಳಿಸುವ ಹಾಗಿಲ್ಲ. ಲ್ಯಾಬಿನ ಮೈಕ್ರೋಸ್ಕೋಪನ್ನೇ ಚಿಕ್ಕದು ಮಾಡಿ ತಲೆಯೊಳಕ್ಕೆ ಇಳಿಸಿದ ಹಾಗೆ. ಮೊದಲು ಇದು ಬಂದದ್ದು ಕರುಳಿನ ಪರೀಕ್ಷೆಗೆ, 2004ರ ಸುಮಾರಿಗೆ. ಆಮೇಲೆ ಮಿದುಳಿನವರು ತೆಗೆದುಕೊಂಡರು. ಅಮೆರಿಕದ ಫೀನಿಕ್ಸ್ ಊರಿನಲ್ಲಿರುವ ಬ್ಯಾರೋ ಸಂಸ್ಥೆಯವರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಆಸ್ಟ್ರೇಲಿಯಾದ ಆಪ್ಟಿಸ್ಕ್ಯಾನ್ ಕಂಪನಿಯ ತಂತ್ರ, ಜರ್ಮನಿಯ ಝೈಸ್ ಕಂಪನಿಯ ಮಷಿನ್ನು ಸೇರಿ ಆದ ಕಾನ್ವಿವೋ ಅನ್ನುವ ಉಪಕರಣಕ್ಕೆ 2018ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ಇದು ಕೆಲಸ ಮಾಡುವ ರೀತಿ ಓದಿದಾಗ ನಾನು ಅಪ್ಪನ ಕಾಯಿಲೆಯನ್ನೂ ಒಂದು ಕ್ಷಣ ಮರೆತೆ. ದಪ್ಪ ಮಾಂಸದ ಮೇಲೆ ಬೆಳಕು ಬಿಟ್ಟರೆ ಮೇಲಿನ ಪದರ, ಕೆಳಗಿನ ಪದರ, ಪಕ್ಕದ್ದು ಎಲ್ಲ ಕಡೆಯಿಂದ ಬೆಳಕು ವಾಪಸ್ ಬಂದು ಚಿತ್ರ ಕಲಸಿಹೋಗುತ್ತೆ. ಮಂಜಿನಲ್ಲಿ ಹೆಡ್‌ಲೈಟ್ ಹಾಕಿದ ಹಾಗೆ. ಇದಕ್ಕೆ ಉಪಾಯ: ಇಡೀ ಜಾಗಕ್ಕೆ ಬೆಳಕು ಬಿಡಬೇಡಿ, ಒಂದೇ ಚುಕ್ಕೆಗೆ ಬಿಡಿ. ವಾಪಸ್ ಬರುವ ಬೆಳಕಿಗೂ ಒಂದು ಸೂಜಿರಂಧ್ರ ಇಡಿ. ಆ ಚುಕ್ಕೆಯಿಂದ ಬಂದದ್ದು ಮಾತ್ರ ರಂಧ್ರದಲ್ಲಿ ತೂರುತ್ತೆ, ಉಳಿದದ್ದು ಹೊರಗೇ ನಿಲ್ಲುತ್ತೆ. ಹೀಗೆ ಚುಕ್ಕೆ ಚುಕ್ಕೆಯಾಗಿ ಸಾಲು ಸಾಲಾಗಿ ಓಡಿಸಿ ಚಿತ್ರ ಕಟ್ಟಿ. ಇದಕ್ಕೆ ಕಾನ್ಫೋಕಲ್ ಅಂತ ಹೆಸರು. ಈ ಕಡ್ಡಿಯೊಳಗೆ ಒಂದೇ ಒಂದು ಆಪ್ಟಿಕಲ್ ಫೈಬರ್ ಇರುತ್ತೆ. ಲೇಸರ್ ಹೋಗುವುದೂ ಅದರಲ್ಲೇ, ಬೆಳಕು ವಾಪಸ್ ಬರುವುದೂ ಅದರಲ್ಲೇ. ಫೈಬರಿನ ತುದಿಯೇ ಸೂಜಿರಂಧ್ರ. ಎಷ್ಟು ಜಾಣ ಡಿಸೈನ್ ನೋಡಿ!

ಈ ಉಪಾಯ ಮೊದಲು ಹೊಳೆದದ್ದು ಯಾರಿಗೆ ಗೊತ್ತಾ? ಮಾರ್ವಿನ್ ಮಿನ್ಸ್ಕಿಗೆ. ಇಂಜಿನಿಯರಿಂಗ್‌ನಲ್ಲಿ ಎಐ ಪೇಪರ್ ತಗೊಂಡವರಿಗೆಲ್ಲ ಈ ಹೆಸರು ಗೊತ್ತು, ಪರ್ಸೆಪ್ಟ್ರಾನ್ ಪುಸ್ತಕದ ಮಿನ್ಸ್ಕಿ. 1950ರ ದಶಕದ ನಡುವೆ, ಹಾರ್ವರ್ಡಿನಲ್ಲಿ ಇದ್ದಾಗ ಅವನಿಗೆ ಮಿದುಳಿನ ನರಗಳು ಹೇಗೆ ಒಂದಕ್ಕೊಂದು ಜೋಡಿಕೊಂಡಿವೆ ಅಂತ ನೋಡುವ ಆಸೆ. ಮಿದುಳು ದಟ್ಟ, ಬೆಳಕು ಚದುರಿಹೋಗುತ್ತೆ. ಅದಕ್ಕೇ ಈ ಮೈಕ್ರೋಸ್ಕೋಪ್ ಕಟ್ಟಿದ. ಲೇಸರ್ ಆಗ ಇನ್ನೂ ಹುಟ್ಟಿರಲಿಲ್ಲ (ಅದು 1960ರಲ್ಲಿ ಬಂತು), ಆರ್ಕ್ ದೀಪ ಇಟ್ಟುಕೊಂಡ. ಬೆಳಕನ್ನು ಓಡಿಸುವ ಬದಲು ನೋಡಬೇಕಾದ ತುಣುಕನ್ನೇ ಅಲ್ಲಾಡಿಸಿದ. ಚಿತ್ರ ತೋರಿಸಲು ಹಳೆಯ ಮಿಲಿಟರಿ ರಾಡಾರ್ ಪರದೆ. 1957ರಲ್ಲಿ ಪೇಟೆಂಟ್ ಅರ್ಜಿ ಹಾಕಿದ, 1961ರಲ್ಲಿ ಸಿಕ್ಕಿತು. ಆಮೇಲೆ ಅವನು ಅದನ್ನು ಬಿಟ್ಟು ಮಿದುಳನ್ನು ಪ್ರೋಗ್ರಾಮಿನಲ್ಲಿ ಕಟ್ಟೋಕೆ ಹೋದ. ನಾನು ಆರನೇ ಸೆಮಿಸ್ಟರಿನಲ್ಲಿ ಮಾರ್ಕ್ಸಿಗೋಸ್ಕರ ಬಾಯಿಪಾಠ ಮಾಡಿದ್ದ ಮನುಷ್ಯ ನಮ್ಮಪ್ಪನ ತಲೆಯ ವಿಷಯದಲ್ಲಿ ಮತ್ತೆ ಎದುರಾಗ್ತಾನೆ ಅಂತ ಯಾರಿಗೆ ಗೊತ್ತಿತ್ತು.

*

ಇದಿಲ್ಲದ ಕಡೆ ಏನು ಮಾಡ್ತಾರೆ ಅಂತಲೂ ಓದಿದೆ. ಸರ್ಜರಿ ನಡುವೆ ಸಣ್ಣ ತುಣುಕು ತೆಗೆದು ಪೆಥಾಲಜಿಗೆ ಕಳಿಸ್ತಾರೆ. ಅದನ್ನು ಹೆಪ್ಪುಗಟ್ಟಿಸಿ ತೆಳ್ಳಗೆ ಕೊಯ್ದು, ಬಣ್ಣ ಹಾಕಿ ನೋಡೋದು ಒಂದು ದಾರಿ. ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಲೂಯಿಸ್ ವಿಲ್ಸನ್ ಅನ್ನುವವರು 1905ರಲ್ಲಿ ಅದನ್ನು ಪಳಗಿಸಿದರು. ಮಿದುಳಿನಲ್ಲಿ ನೀರು ಜಾಸ್ತಿ, ಹೆಪ್ಪುಗಟ್ಟಿಸಿದರೆ ಐಸ್ ಹರಳುಗಳು ಎದ್ದು ಚಿತ್ರ ಕೆಡುತ್ತೆ. ಅದಕ್ಕೆ ಇನ್ನೊಂದು ದಾರಿ: ಸಾಸಿವೆ ಕಾಳಿನಷ್ಟು ತುಣುಕನ್ನು ಎರಡು ಗಾಜಿನ ನಡುವೆ ಅಮುಕಿ, ಎಳೆದು ನೋಡೋದು. 1930ರಲ್ಲೇ ಹಾರ್ವೆ ಕುಶಿಂಗ್ ಮತ್ತು ಅವರ ಜತೆ ಇದ್ದ ಲೂಯಿಸ್ ಐಸನ್‌ಹಾರ್ಟ್ ಅನ್ನುವ ಮಹಿಳೆ ಮಿದುಳಿನ ಗೆಡ್ಡೆಗೆ ಈ ಬಗೆಯ ಪರೀಕ್ಷೆ ಬಗ್ಗೆ ಬರೆದಿದ್ದಾರೆ. ಯಾವುದೇ ಆದರೂ ಫಲಿತಾಂಶ ಬರಲು ಇಪ್ಪತ್ತು ಮೂವತ್ತು ನಿಮಿಷ. ಅಷ್ಟು ಹೊತ್ತು ಸರ್ಜನ್ ಕಾಯಬೇಕು. ಹೀಗಾಗಿ ಎಷ್ಟು ಸಲ ಕಳಿಸೋಕಾಗುತ್ತೆ? ಎರಡು ಸಲ, ಮೂರು ಸಲ. ಕಡ್ಡಿಯಾದರೆ ಮುಟ್ಟಿಸಿದಲ್ಲೆಲ್ಲ ಸೆಕೆಂಡುಗಳಲ್ಲಿ ಉತ್ತರ.

ಹನ್ನೊಂದು ಪೇಪರ್ ಪ್ರಿಂಟ್ ತೆಗೆದು, ಹಳದಿ ಹೈಲೈಟರ್ ಬಳಿದು, ಸ್ಪೈರಲ್ ಬೈಂಡ್ ಮಾಡಿಸಿ (ಹೌದು, ಮಾಡಿಸಿದೆ. ನಗಬೇಡಿ) ಸರ್ಜನ್ ಹತ್ತಿರ ಹೋದೆ. "ಸಾರ್, ಈ ಮಷಿನ್ ನಿಮ್ಮಲ್ಲಿ ಇದೆಯಾ?"

ಅವರು ಬೈಯಲಿಲ್ಲ. ಪುಟ ತಿರುವಿ ನೋಡಿದರು. "ಇಲ್ಲ" ಅಂದರು.

ನನಗೆ ಆಗ ಅನ್ನಿಸಿದ್ದನ್ನು ಹೇಳಿಬಿಡ್ತೀನಿ. ಇದೆ ಅನ್ನೋ ಕಡೆಗೆ ಕರ್ಕೊಂಡು ಹೋಗಬೇಕು, ಸಾಲ ಮಾಡಿಯಾದರೂ ಸರಿ ಅನ್ನಿಸಿತು. ಮಷಿನ್ ಇಲ್ಲದ ಆಸ್ಪತ್ರೆಯಲ್ಲಿ ಅಪ್ಪನನ್ನು ಮಲಗಿಸಿದರೆ ಮುಂದೆ ಜನ್ಮಪೂರ್ತಿ ನನ್ನನ್ನು ನಾನೇ ಕ್ಷಮಿಸೋಲ್ಲ ಅನ್ನಿಸಿತು. ಮುಖದ ಮೇಲೆ ಅದು ಕಂಡಿರಬೇಕು. ಅವರು ಕುರ್ಚಿ ತೋರಿಸಿ ಕೂರಿಸಿದರು.

"ಇದಕ್ಕೆ ಫ್ಲೋರೆಸೀನ್ ಅಂತ ಬಣ್ಣ ನರಕ್ಕೆ ಕೊಡ್ತಾರೆ. ನೀಲಿ ಲೇಸರ್ ಬಿದ್ದರೆ ಅದು ಹಸಿರು ಹಸಿರಾಗಿ ಹೊಳೆಯುತ್ತೆ. ಹಳೇ ಬಣ್ಣವೇ, 1948ರಲ್ಲೇ ಅಮೆರಿಕದಲ್ಲಿ ಮಿದುಳಿನ ಗೆಡ್ಡೆಗೆ ಪ್ರಯತ್ನ ಮಾಡಿದ್ರು. ಜೋರಾಗಿ ಬೆಳೆಯೋ ಗೆಡ್ಡೇಲಿ ರಕ್ತನಾಳ ಸೋರ್ತಿರುತ್ತೆ, ಬಣ್ಣ ಹೊರಗೆ ಬಂದು ತುಂಬ್ಕೊಳ್ಳುತ್ತೆ. ನಿಮ್ಮ ತಂದೆಯವರದ್ದು ನಿಧಾನಕ್ಕೆ ಬೆಳೆಯೋ ಜಾತಿ ಅನ್ಸುತ್ತೆ. ಎಂಆರ್‌ಐನಲ್ಲಿ ಕೊಟ್ಟ ಬಣ್ಣವನ್ನೇ ಅದು ಹಿಡಿದಿಲ್ಲ ನೋಡಿ."

ನನ್ನ ಹತ್ತಿರ ಅದಕ್ಕೂ ಉತ್ತರ ಇತ್ತು. 2011ರಲ್ಲಿ ಬ್ಯಾರೋದ ನಾದರ್ ಸನಾಯಿ ಮತ್ತು ಜತೆಯವರು ಸರಿಯಾಗಿ ಇಂಥದ್ದೇ ನಿಧಾನದ ಗೆಡ್ಡೆ ಇದ್ದ 10 ಮಂದಿಯ ಮೇಲೆ ಮಾಡಿದ್ದ ಪ್ರಯೋಗ. 5-ಎಎಲ್‌ಎ ಅನ್ನುವ ಇನ್ನೊಂದು ಔಷಧ ಕುಡಿಸಿದರೆ ಗೆಡ್ಡೆ ನೀಲಿ ಬೆಳಕಿನಲ್ಲಿ ಗುಲಾಬಿಯಾಗಿ ಹೊಳೆಯುತ್ತೆ. ಜೋರಿನ ಗೆಡ್ಡೆಗಳಲ್ಲಿ ಅದರ ಲಾಭ ಜರ್ಮನಿಯ ವಾಲ್ಟರ್ ಸ್ಟುಮ್ಮರ್ ಅವರು 2006ರಲ್ಲಿ ತೋರಿಸಿದ್ದರು. ಎಂಆರ್‌ಐನಲ್ಲಿ ಬಣ್ಣ ಹಿಡಿಯುವ ಗೆಡ್ಡೆ ಪೂರ್ತಿ ತೆಗೆಯಲು ಆದದ್ದು ಇದಿಲ್ಲದವರಲ್ಲಿ 36%, ಇದ್ದವರಲ್ಲಿ 65%. ನಿಧಾನದ ಗೆಡ್ಡೆಯಲ್ಲಿ ಆ ಗುಲಾಬಿ ಸಾಮಾನ್ಯವಾಗಿ ಕಾಣೋದಿಲ್ಲ. ಆದರೆ ಸನಾಯಿಯವರು ಕಾನ್ಫೋಕಲ್ ಕಡ್ಡಿ ಮುಟ್ಟಿಸಿದಾಗ ಒಂದೊಂದು ಜೀವಕೋಶದ ಮಟ್ಟದಲ್ಲಿ ಅದೇ ಹೊಳಪು ಕಂಡಿತ್ತು! ಕಣ್ಣಿಗೆ ಕಾಣದ್ದು ಕಡ್ಡಿಗೆ ಕಂಡಿತ್ತು. ಗೆದ್ದೆ ಅನ್ನುವ ಹಾಗೆ ಆ ಪುಟ ತೆಗೆದು ತೋರಿಸಿದೆ.

ಅವರು ನಕ್ಕರು. "ನೀವು ಇಂಜಿನಿಯರ್ ಅಲ್ವಾ? ಒಂದು ಲೆಕ್ಕ ಮಾಡಿ. ಆ ಕಡ್ಡಿಗೆ ಒಂದು ಸಲಕ್ಕೆ ಕಾಣೋ ಜಾಗ ಎಷ್ಟು?"

ಮನೆಗೆ ಬಂದು ಲೆಕ್ಕ ಮಾಡಿದೆ. ಒಂದು ಚಿತ್ರದ ಅಗಲ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ, 475 ಮೈಕ್ರಾನ್. ಎತ್ತರ 267 ಮೈಕ್ರಾನ್. ನಾಲ್ಕು ಸೆಂಟಿಮೀಟರಿನ ನಿಂಬೆಹಣ್ಣು ತೆಗೆದ ಮೇಲೆ ಉಳಿಯುವ ಗುಳಿಯ ಗೋಡೆ ಸುಮಾರು 5000 ಚದರ ಮಿಲಿಮೀಟರ್. ಭಾಗಿಸಿದರೆ ಸುಮಾರು 40,000 ಚಿತ್ರ. ಒಂದಕ್ಕೆ ಒಂದೇ ಸೆಕೆಂಡ್ ಅಂದುಕೊಂಡರೂ ಹನ್ನೊಂದು ಗಂಟೆ! ಅದೂ ಮಿದುಳು ನಾಡಿಯ ಜತೆ ಮಿಡಿಯುತ್ತಿರುತ್ತೆ, ಕೈ ನಡುಗಿದರೆ ಚಿತ್ರ ಅಳಿಸಿಹೋಗುತ್ತೆ, ಒಂದು ಹನಿ ರಕ್ತ ಬಂದರೆ ಏನೂ ಕಾಣೋದಿಲ್ಲ. ಜತೆಗೆ ಕಡ್ಡಿಗೆ ಕಾಣೋದು ಮೇಲಿನ ಪದರ ಮಾತ್ರ. ಚಿತ್ರವೂ ಕಪ್ಪು ಬಿಳುಪು. ಗುಲಾಬಿ ನೇರಳೆ ಬಣ್ಣದ ಸ್ಲೈಡ್ ನೋಡಿ ಅಭ್ಯಾಸ ಇರುವ ಪೆಥಾಲಜಿಸ್ಟುಗಳು ಇದನ್ನು ಓದೋಕೆ ಹೊಸದಾಗಿ ಕಲಿಯಬೇಕು. ಅಂದರೆ ಗೋಡೆ ಪೂರ್ತಿ ಗುಡಿಸೋಕೆ ಇದು ಪೊರಕೆ ಅಲ್ಲ. ಅನುಮಾನ ಬಂದ ಕಡೆ ಇಟ್ಟು ನೋಡುವ ಭೂತಗನ್ನಡಿ. ಎಲ್ಲಿ ಅನುಮಾನ ಪಡಬೇಕು ಅನ್ನೋದು ಸರ್ಜನ್ನಿಗೇ ಗೊತ್ತಿರಬೇಕು.

ಆದರೆ ಅವರು ಹೇಳಿದ ಇನ್ನೊಂದು ಮಾತು ನನ್ನ ಸ್ಪೈರಲ್ ಬೈಂಡಿನಲ್ಲಿ ಎಲ್ಲೂ ಇರಲಿಲ್ಲ.

"ಆ ಮಷಿನ್ ಇದ್ರೂ ಅದು ಏನು ಹೇಳುತ್ತೆ? ಇಲ್ಲಿ ಗೆಡ್ಡೆಯ ಜೀವಕೋಶ ಇದೆ ಅನ್ನುತ್ತೆ. ಸರಿ. ಆದ್ರೆ ಅದೇ ಜಾಗದಲ್ಲಿ ಮೇಷ್ಟ್ರ ಮಾತೂ ಇದ್ರೆ? ಅದನ್ನ ಯಾವ ಕ್ಯಾಮೆರಾ ತೋರಿಸುತ್ತೆ? ಅದನ್ನ ಅವರನ್ನೇ ಕೇಳ್ಬೇಕು."

ಕೇಳೋದು ಅಂದರೆ ನಿಜವಾಗಲೂ ಕೇಳೋದು. ಸರ್ಜರಿ ನಡುವೆ ಎಬ್ಬಿಸಿ.

*

ಎಚ್ಚರ ಇರುವಾಗಲೇ ಮಿದುಳಿನ ಸರ್ಜರಿ ಅಂದಾಗ ಅಮ್ಮ ಸೆರಗು ಬಾಯಿಗೆ ಇಟ್ಟುಕೊಂಡರು. ಮಿದುಳಿಗೆ ನೋವು ಗೊತ್ತಾಗೋಲ್ಲ, ಚರ್ಮಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಡ್ತಾರೆ ಅಂತ ಎಷ್ಟು ಹೇಳಿದರೂ ಸಮಾಧಾನ ಆಗಲಿಲ್ಲ. ಮಾಂಟ್ರಿಯಲ್‌ನ ವೈಲ್ಡರ್ ಪೆನ್‌ಫೀಲ್ಡ್ ಕಾಲದಿಂದ, ಅಂದರೆ 1930ರ ದಶಕದಿಂದ ಇದು ನಡೆಯುತ್ತಿದೆ. ಮಿದುಳಿನ ಒಂದು ಜಾಗಕ್ಕೆ ಸಣ್ಣ ಕರೆಂಟು ಮುಟ್ಟಿಸ್ತಾರೆ, ಅದೇ ಹೊತ್ತಿಗೆ ರೋಗಿಗೆ ಚಿತ್ರ ತೋರಿಸಿ ಹೆಸರು ಕೇಳ್ತಾರೆ. ಹೆಸರು ಬಂದರೆ ಆ ಜಾಗ ತೆಗೆಯಬಹುದು. ಬರದಿದ್ದರೆ ಕೈ ಹಾಕಬಾರದು. ಮಾತಿನ ಜಾಗ ಎಲ್ಲರಿಗೂ ಒಂದೇ ಕಡೆ ಇರೋದಿಲ್ಲವಂತೆ, ಅದಕ್ಕೇ ಪುಸ್ತಕ ನೋಡಿ ಕತ್ತರಿಸೋಕಾಗಲ್ಲ. ತಮಾಷೆ ನೋಡಿ, 2008ರಲ್ಲಿ 250 ರೋಗಿಗಳಲ್ಲಿ ಈ ಮಾತಿನ ಪರೀಕ್ಷೆ ಮಾಡಿದ್ದನ್ನು ಬರೆದವರಲ್ಲೂ ಮೊದಲ ಹೆಸರು ಅದೇ ನಾದರ್ ಸನಾಯಿಯದು. ನನ್ನ ಕಡ್ಡಿಯ ಹೀರೋ ಕಡ್ಡಿಗೆ ಮೊದಲೇ ಮಾತಿನ ಕಡೆ ಹೋಗಿದ್ದ. ನಾನು ಅರ್ಧ ಮಾತ್ರ ಓದಿದ್ದೆ.

ಮನೆಯಲ್ಲಿ ಜಗಳ ಆಯ್ತು. ಸೋದರಮಾವ "ಪೂರ್ತಿ ತೆಗೆಸ್ಬಿಡ್ರಪ್ಪ, ಬೇರು ಸಮೇತ. ಮಾತು ಆಮೇಲೆ ಕಲ್ತ್ಕೊಂಡ್ರಾಯ್ತು" ಅಂದರು. ಅಮ್ಮ "ಮಾತಿಲ್ದೆ ಅವರು ಒಂದು ದಿನ ಇರಲ್ಲ" ಅಂದರು. ನಾನು ಪರ್ಸೆಂಟೇಜ್ ಲೆಕ್ಕ ಹೇಳೋಕೆ ಹೋದೆ. ಅಪ್ಪ ಅಷ್ಟು ಹೊತ್ತೂ ಪೇಪರ್ ಓದ್ತಿದ್ದವರು ಕನ್ನಡಕ ತೆಗೆದು, "ನನ್ನ ತಲೆ ಕಣ್ರೋ ಅದು. ನನ್ನನ್ನೂ ಒಂದು ಮಾತು ಕೇಳಿ" ಅಂದರು. ಎಲ್ಲರೂ ಸುಮ್ಮನಾದೆವು. "ಎಲ್ಲಿ ಮಾತು ನಿಲ್ಲುತ್ತೋ ಅಲ್ಲಿ ಚಾಕುನೂ ನಿಲ್ಲಲಿ. ಉಳಿದದ್ದು ಉಳೀಲಿ" ಅಂದರು. ಫಾರಂ ಮೇಲೆ ಅವರೇ ಸೈನ್ ಹಾಕಿದರು, ಕನ್ನಡದಲ್ಲಿ, ಪೂರ್ತಿ ಹೆಸರು.

ಪರೀಕ್ಷೆಗೆ ಚಿತ್ರಗಳು ಬೇಕಲ್ಲ. ಸ್ಪೀಚ್ ಥೆರಪಿಸ್ಟ್ ಹುಡುಗಿ ಟ್ಯಾಬ್‌ನಲ್ಲಿ ತೋರಿಸಿದ ಚಿತ್ರಗಳಲ್ಲಿ ಕಾಂಗರೂ, ಇಗ್ಲೂ, ಪಿಯಾನೋ ಎಲ್ಲ ಇದ್ದವು. ಅಪ್ಪ ಇಗ್ಲೂ ನೋಡಿ "ಇದು ಗುಬ್ಬಚ್ಚಿ ಗೂಡೇನಮ್ಮ?" ಅಂದರು. ಆಗ ಆ ಹುಡುಗಿಯೇ ಹೇಳಿದಳು, ದಿನಾ ಬಳಸುವ ವಸ್ತುಗಳ ಫೋಟೋ ತಗೊಂಡು ಬನ್ನಿ, ಅವರ ಭಾಷೆಯಲ್ಲೇ ಕೇಳೋಣ ಅಂತ.

ಹನ್ನೊಂದು ಪೇಪರ್ ಓದಿ ಮಾಡಲಾಗದ ಕೆಲಸ ಕೊನೆಗೂ ನನಗೆ ಸಿಕ್ಕಿತು. ಶನಿವಾರ ರಾತ್ರಿ ಬಸ್ ಹತ್ತಿ ಊರಿಗೆ ಹೋದೆ. ಭಾನುವಾರ ಪೂರ್ತಿ ಮೊಬೈಲ್ ಹಿಡಿದು ಮನೆಯಲ್ಲಿ, ತೋಟದಲ್ಲಿ ಓಡಾಡಿದೆ. ಮೊರ, ಒರಳು, ಈಳಿಗೆಮಣೆ, ತುರಿಮಣೆ, ಕೊಡ, ಸೌಟು, ಕುಡುಗೋಲು, ನೇಗಿಲು, ಎಳನೀರು, ಕೊಬ್ಬರಿ, ಬಿಂದಿಗೆ, ಚಾಪೆ, ಏಣಿ, ಕೋಳಿ, ಅಪ್ಪನ ಸೀಮೆಸುಣ್ಣದ ಡಬ್ಬಿ... ಒಟ್ಟು ಎಂಬತ್ತು ಫೋಟೋ. ಹಿಂದೆ ಬಿಳಿ ಪಂಚೆ ಹಿಡಿದುಕೊಳ್ಳಲು ಪಕ್ಕದ ಮನೆ ಹುಡುಗ. ಏನು ಇದು ಅಣ್ಣ, ಓಎಲ್‌ಎಕ್ಸ್‌ಗೆ ಹಾಕ್ತಿದ್ದೀರಾ ಅಂತ ಕೇಳಿದ :-)

ಸರ್ಜರಿಗೆ ಹಿಂದಿನ ರಾತ್ರಿ ಅಪ್ಪ ಎಂಬತ್ತಕ್ಕೆ ಎಂಬತ್ತೂ ಹೇಳಿದರು. "ಇದು ಮೊರ. ಇದು ಕೊಡ. ಇದು ಒರಳು." ನೂರಕ್ಕೆ ನೂರು.

*

2022ರ ಅಕ್ಟೋಬರ್. ಬೆಳಗ್ಗೆ ಏಳಕ್ಕೆ ಓಟಿ ಒಳಗೆ ಹೋದರು. ಒಳಗೆ ನಡೆದದ್ದು ನನಗೆ ಆಮೇಲೆ ಸ್ಪೀಚ್ ಥೆರಪಿಸ್ಟ್ ಹೇಳಿದ್ದು. ಹನ್ನೊಂದರ ಹೊತ್ತಿಗೆ ಎಬ್ಬಿಸಿದರಂತೆ. ಅಪ್ಪ ಮೊದಲು ಕೇಳಿದ್ದು, ಇವತ್ತು ಹಾಜರಿ ಕರೆದಾಯ್ತಾ ಅಂತ! ಆಮೇಲೆ ಚಿತ್ರ ಶುರು. ಕರೆಂಟು ಮುಟ್ಟಿಸೋದು, ಚಿತ್ರ ತೋರಿಸೋದು. ಇದು ಏಣಿ, ಇದು ಸೌಟು, ಇದು ಕೋಳಿ. ತೆಗೆಯುತ್ತಾ ಹೋದರು. ಎರಡು ಸಲ ಸಾಸಿವೆಯಷ್ಟು ತುಣುಕು ಪೆಥಾಲಜಿಗೆ ಹೋಗಿ ಬಂತು. ಅಷ್ಟೂ ಹೊತ್ತು ಅಪ್ಪ ಅವಳಿಗೆ ವ್ಯಾಕರಣ ಪಾಠ ಮಾಡಿದರಂತೆ.

ಮಧ್ಯಾಹ್ನ ಒಂದೂವರೆ ಇರಬಹುದು. ಗುಳಿಯ ಹಿಂಭಾಗದ ಗೋಡೆ. ಒರಳಿನ ಫೋಟೋ ಬಂತು.

"ಇದು... ಇದು..."

ಮತ್ತೆ ಮಾಡಿದರು. ಬೇರೆ ಚಿತ್ರ ಹಾಕಿ, ಮತ್ತೆ ಒರಳು ಹಾಕಿ, ಅದೇ ಜಾಗ ಮುಟ್ಟಿದರು.

"ಇದು... ರುಬ್ಬೋದು. ಅಮ್ಮ ರುಬ್ಬೋದು."

ಮೂರನೇ ಸಲವೂ ಅಷ್ಟೇ. ಕರೆಂಟು ತೆಗೆದ ಕೂಡಲೆ "ಒರಳು, ಒರಳು, ಗೊತ್ತು ಕಣಮ್ಮ ನಂಗೆ" ಅಂದರಂತೆ. ಆ ಜಾಗದ ಮೇಲೆ ಒಂದು ಪುಟ್ಟ ನಂಬರ್ ಚೀಟಿ ಇಟ್ಟರು. ಅದರ ಪಕ್ಕದಿಂದ ತೆಗೆದ ತುಣುಕಿನ ಫಲಿತಾಂಶ ಅಷ್ಟರಲ್ಲಿ ಬಂತು: ಗೆಡ್ಡೆಯ ಜೀವಕೋಶ ಇನ್ನೂ ಇದೆ.

ಜೀವಕೋಶ ಮುಂದೆ ಹೋಗು ಅಂತಿದೆ. ಒರಳು ನಿಲ್ಲು ಅಂತಿದೆ. ಸರ್ಜನ್ ನಿಲ್ಲಿಸಿದರು.

ಸಂಜೆ ಹೊರಗೆ ಬಂದು ನನಗೆ ಹೇಳಿದಾಗ ನಾನು ತಕ್ಷಣ ಕೇಳಿದ್ದು, ನಾಚಿಕೆಯಿಂದಲೇ ಬರೆಯುತ್ತಿದ್ದೇನೆ, "ಹಾಗಾದ್ರೆ ಗೊತ್ತಿದ್ದೂ ಬಿಟ್ಟುಬಂದ್ರಾ ಸಾರ್?" ಅಂತ. ಹತ್ತು ಗಂಟೆ ನಿಂತಿದ್ದ ಮನುಷ್ಯ. "ಹೌದು, ಗೊತ್ತಿದ್ದೇ ಬಿಟ್ಟೆ" ಅಂದರು. ಹುಣಸೆ ಬೀಜದಷ್ಟು ಉಳಿದಿತ್ತು.

*

ಗೆಡ್ಡೆ ಆಲಿಗೋಡೆಂಡ್ರೋಗ್ಲಯೋಮಾ, ಗ್ರೇಡ್ ಎರಡು ಅಂತ ರಿಪೋರ್ಟ್ ಬಂತು. ಗ್ಲಯೋಮಾಗಳಲ್ಲಿ ಔಷಧಕ್ಕೆ ಮಾತು ಕೇಳುವ ಜಾತಿ. ಮೊದಲ ಎರಡು ವಾರ ಅಪ್ಪನ ಮಾತು ತುಂಬಾ ತಡವರಿಸುತ್ತಿತ್ತು. ಉಪ್ಪಿಗೆ ಸಕ್ಕರೆ ಅನ್ನೋರು, ನನಗೆ ತಮ್ಮನ ಹೆಸರಿಟ್ಟು ಕರೆಯೋರು. ಊತ ಇಳಿದ ಹಾಗೆ ಸರಿಹೋಯ್ತು. ಆಮೇಲೆ ರೇಡಿಯೇಷನ್, ಮಾತ್ರೆ. 2023ರ ಜೂನ್‌ನಲ್ಲಿ ಟೋಪಿ ಹಾಕಿಕೊಂಡು ಸ್ಕೂಲಿಗೆ ಹೋದರು. ನಡುನಡುವೆ ನಿಲ್ಲುವ ಅಭ್ಯಾಸ ಹಾಗೇ ಇದೆ. ಆದರೆ ಈಗ ಅಪ್ಪ ನಿಂತಾಗಲೆಲ್ಲ ಹುಡುಗರು ಹೆದರುತ್ತಿದ್ದರಂತೆ. ಅದಕ್ಕೆ "ಯೋಚನೆ ಮಾಡ್ತಿದೀನಿ ಕಣ್ರೋ" ಅಂತ ಕೈ ಸನ್ನೆ ಮಾಡಿ ನಿಲ್ಲೋರು.

ಈ ಮಧ್ಯೆ ನಾನು ಓದೋದು ಬಿಟ್ಟಿಲ್ಲ. ಕಡ್ಡಿಯ ಜತೆಗೇ ಇನ್ನೊಂದು ದಾರಿ ಬೆಳೆದಿದೆ. ತೆಗೆದ ತುಣುಕಿಗೆ ಬಣ್ಣವನ್ನೇ ಹಾಕದೆ ಲೇಸರ್ ಬಿಟ್ಟು, ಅದರ ಕೊಬ್ಬು ಎಷ್ಟು, ಪ್ರೋಟೀನ್ ಎಷ್ಟು ಅಂತ ಬೆಳಕಿನಿಂದಲೇ ಓದಿ ಚಿತ್ರ ಕಟ್ಟೋದು. 2020ರಲ್ಲಿ ಅಮೆರಿಕದ ಮಿಷಿಗನ್, ನ್ಯೂಯಾರ್ಕ್ ಕಡೆಯವರು 278 ರೋಗಿಗಳಲ್ಲಿ ಇದನ್ನು ಎಐ ಜತೆ ಸೇರಿಸಿ ನೋಡಿದರು. ಎರಡೂವರೆ ನಿಮಿಷದೊಳಗೆ ಉತ್ತರ, ಅದೂ ಪೆಥಾಲಜಿಸ್ಟುಗಳಿಗೆ ಸರಿಸಮವಾಗಿ. ಇದರ ಹಿಂದಿರುವುದು ರಾಮನ್ ಪರಿಣಾಮ. 1928ರಲ್ಲಿ ಕಲ್ಕತ್ತೆಯಲ್ಲಿ ಕಂಡುಹಿಡಿದು, 1933ರಲ್ಲಿ ಬೆಂಗಳೂರಿಗೆ ಬಂದು, ಇಲ್ಲೇ ಕೊನೆಯವರೆಗೂ ಇದ್ದ ನಮ್ಮ ಸರ್ ಸಿ.ವಿ. ರಾಮನ್. ಮೇಖ್ರಿ ಸರ್ಕಲ್ ಹತ್ತಿರ ಅವರ ಸಂಸ್ಥೆಯ ಮರಗಳ ಪಕ್ಕದಲ್ಲೇ ದಿನಾ ಆಫೀಸಿಗೆ ಹೋಗ್ತೀನಿ. ಟ್ರಾಫಿಕ್‌ನಲ್ಲಿ ನಿಂತಾಗ ಈಗ ಹಾರ್ನ್ ಮಾಡೋದು ಕಡಿಮೆ ಮಾಡಿದ್ದೇನೆ :-)

ಈ ಉಪಕರಣಗಳು ನಮ್ಮ ಕಡೆಯ ಎಲ್ಲ ಓಟಿಗಳಿಗೂ ಬರಬೇಕು ಅಂತ ನನಗೆ ಈಗಲೂ ಆಸೆ. ಎಷ್ಟೋ ಜನರ ಗೆಡ್ಡೆ ಮಾತಿನ ಜಾಗದಿಂದ ದೂರ ಇರುತ್ತೆ. ಅಲ್ಲಿ ಕಡ್ಡಿ ತೋರಿಸಿದ ಒಂದು ಜೀವಕೋಶವೂ ಲೆಕ್ಕಕ್ಕೆ ಬರುತ್ತೆ. ನನ್ನ ತಪ್ಪು ಬೇರೆ ಇತ್ತು. ಅಂಚು ಅನ್ನೋದು ಎಲ್ಲೋ ಇದೆ, ಸರಿಯಾದ ಝೂಮ್ ಇದ್ದರೆ ಕಾಣುತ್ತೆ ಅಂತ ನಂಬಿದ್ದೆ. ದಿನಾ ಕೋಡ್ ನೋಡುವವನಿಗೆ ಹಾಗೆ ಅನ್ನಿಸೋದು ಸಹಜ. ಗೆಡ್ಡೆಯ ಅಂಚನ್ನು ಝೂಮ್ ತೋರಿಸೀತು. ಅಪ್ಪನ ಅಂಚು ಎಲ್ಲಿದೆ ಅಂತ ಅಪ್ಪನೇ ಹೇಳಬೇಕಿತ್ತು. ಹೇಳಿದರು.

ಹುಣಸೆ ಬೀಜ ಇನ್ನೂ ಅಲ್ಲೇ ಇದೆ. ಮೂರು ವರ್ಷದಿಂದ ಬೆಳೆದಿಲ್ಲ. ಮುಂದಿನ ವಾರ ಏನು ಬರುತ್ತೋ ಗೊತ್ತಿಲ್ಲ. ಪ್ರತಿ ಸಲ ಎಂಆರ್‌ಐಗೆ ಹಿಂದಿನ ಒಂದು ವಾರ ನನಗೆ ನಿದ್ದೆ ಬರಲ್ಲ, ಸರ್ಜನ್ ಮೇಲೆ ಅದೇ ಹಳೇ ಸಿಟ್ಟು ಒಂದು ಕ್ಷಣ ಬಂದು ಹೋಗುತ್ತೆ. ಇನ್ನೊಂಚೂರು ತೆಗೆದುಬಿಟ್ಟಿದ್ದರೆ ಅಂತ.

ಈ ವರ್ಷ, 2025ರಲ್ಲಿ, ಅಪ್ಪ ರಿಟೈರ್ ಆದರು. ಬೀಳ್ಕೊಡುಗೆ ದಿನ ನಲವತ್ತು ನಿಮಿಷ ಮಾತಾಡಿದರು, ಚೀಟಿ ಇಲ್ಲದೆ. ಹುಡುಗರಿಗೆ ಊಟ ತಣ್ಣಗಾಯ್ತು.

ಒಂದು ಪದ ಮಾತ್ರ ಇವತ್ತಿಗೂ ಸರಾಗವಾಗಿ ಬರಲ್ಲ. ಮೊನ್ನೆ ಊರಿಗೆ ಹೋದಾಗ ಅಮ್ಮ ಚಟ್ನಿ ರುಬ್ಬುತ್ತಿದ್ದರು. ಅಪ್ಪ ಅಡುಗೆಮನೆ ಬಾಗಿಲಲ್ಲಿ ನಿಂತು, "ಮಗಾ, ಆ... ರುಬ್ಬೋದರ ಪಕ್ಕ ನನ್ನ ಕನ್ನಡಕ ಇದೆ ನೋಡು" ಅಂದರು. ಅಮ್ಮ ತಲೆ ಎತ್ತದೆ "ಒರಳು" ಅಂದರು.

"ಹಾಂ, ಅದೇ" ಅಂದರು ಅಪ್ಪ.

ಎಂಆರ್‌ಐ ರಿಪೋರ್ಟ್ ಬಂದ ಮೇಲೆ ಹೇಳ್ತೀನಿ. ಅಲ್ಲಿಯವರೆಗೆ ನಮಸ್ಕಾರ.